ಮರುಭೂಮಿಯಲ್ಲಿ ಕೈ ತೊಳೆದವರು

ನಾಲ್ಕು ದಿನ ಮರುಭೂಮಿಯಲ್ಲಿ ನಡೆಯಲೆಂದು ಅಮೆರಿಕದ ಕ್ಯಾಂಟನ್‌ನಿಂದ ಮೂವರು ಗೆಳೆಯರು ಹೋಗಿದ್ದೆವು. ದಾರಿಯಲ್ಲಿ ಹನಿ ನೀರಿಲ್ಲ. ಕುಡಿಯುವುದನ್ನೆಲ್ಲ ಬೆನ್ನ ಮೇಲೆ ಹೊತ್ತಿದ್ದೆವು. ಮೊದಲ ಮಧ್ಯಾಹ್ನ ಪುಳಿಯೋಗರೆ ತಿಂದದ್ದೇ ತಡ, ನಮ್ಮ ಪಕ್ಕದೂರು ಡಿಯರ್‌ಬಾರ್ನ್‌ನಲ್ಲಿ ಎಂಜಿನಿಯರ್ ಆಗಿರುವ ಮಹಾಶಯ ಬಾಟಲಿ ಬಗ್ಗಿಸಿ ಮೊಣಕೈವರೆಗೆ ತೊಳೆದುಕೊಂಡು, ಬಾಯಿ ಮುಕ್ಕಳಿಸಿ ಉಗುಳಿದ. ಇನ್ನೊಬ್ಬ ಡಬ್ಬಿಯನ್ನೂ ತೊಳೆದಿಟ್ಟ.

"ಸ್ಪೂನ್ ಇತ್ತಲ್ರೋ!" ಎಂದೆ.

"ಪುಳಿಯೋಗರೇನ ಸ್ಪೂನಲ್ಲಿ ತಿಂತಾರೇನೋ? ನಮ್ಮ ಕಲ್ಚರ್ ಬಿಡಕ್ಕಾಗತ್ತಾ?" ಎಂದ ಎಂಜಿನಿಯರ್.

ರಾತ್ರಿ ಚಪಾತಿಗೂ ಅದೇ ಅಭಿಷೇಕ. ಮರುದಿನ ಕುಡಿಯುವುದಕ್ಕೇ ನೀರು ಸಾಲದೆ, ಬಾಲ ಮುದುರಿಕೊಂಡು ವಾಪಸಾದೆವು.

ಮುಂದಿನ ವಾರ ಕ್ಯಾಂಟನ್‌ನಲ್ಲಿ, ಮನೆಗೊಂದು ಅಡುಗೆ ತರುವ ಪಾಟ್‌ಲಕ್‌ನಲ್ಲಿ ಅದೇ ಮಹಾಶಯ ಮರುಭೂಮಿ ಗೆದ್ದೆನೆಂದು ಆಂಟಿಗಳ ಮುಂದೆ ಕೊಚ್ಚಿಕೊಳ್ಳುತ್ತಿದ್ದ. ಅಡುಗೆಮನೆಯ ನಲ್ಲಿ ಅವನ ಬೆನ್ನ ಹಿಂದೆಯೇ ಇತ್ತು. ಪುಳಿಯೋಗರೆಯನ್ನು ಮಾತ್ರ ಪ್ಲಾಸ್ಟಿಕ್ ಸ್ಪೂನಿನಲ್ಲಿ ತಿನ್ನುತ್ತಿದ್ದ.