ಮುಮ್ತಾಜ್ ಅಕ್ಕೋರು ಕೇಳಿದ ಪ್ರಶ್ನೆ

ಬೆಳಗಿನ ಬಸ್ಸು ನಮ್ಮೂರು ಕನಮಡಿಯಲ್ಲಿ ನಿಂತಾಗ ಮೊದಲು ಇಳಿಯುತ್ತಿದ್ದುದು ನಮಗೆ ಗಣಿತ ಕಲಿಸುತ್ತಿದ್ದ ಮುಮ್ತಾಜ್ ಅಕ್ಕೋರ ಚೀಲ, ಆಮೇಲೆ ಅವರು. ಅದರಲ್ಲಿ ರೊಟ್ಟಿಯ ಡಬ್ಬಿಗಿಂತ ಹೆಚ್ಚು ಜಾಗ ಹಿಡಿದಿರುತ್ತಿದ್ದುದು ವಿಜಯಪುರದ ಟ್ಯೂಷನ್ನುಗಳ ಪ್ರಶ್ನೆಪತ್ರಿಕೆಗಳು. ಅಲ್ಲಿನ ಜೋರಾಪುರ ಪೇಟೆಯ ತಮ್ಮ ಓಣಿಯ ಮಕ್ಕಳಿಂದ ಅವನ್ನು ಕೇಳಿ ತಂದು ನಮಗೆ ಹಂಚುತ್ತಿದ್ದರು.

"ಅಲ್ಲಿ ಹುಡುಗ್ರು ಇದನ್ನ ನಿನ್ನೆ ಬರದಾರ, ನೀವು ಇವತ್ತ ಬರೀರಿ. ಒಂದ ದಿನದ ಫರಕ್ ಅಷ್ಟ."

ನಮ್ಮ ಶಾಲೆಗೆ ವಿಜ್ಞಾನದ ಮಾಸ್ತರರೇ ಇರಲಿಲ್ಲ. ಅದನ್ನೂ ಅವರೇ ಕಲಿಸಿದರು. ತಪ್ಪು ಮಾಡಿದರೆ ಬೈಯುತ್ತಿರಲಿಲ್ಲ. ಕನ್ನಡಕ ತೆಗೆದು ಸೆರಗಿನಿಂದ ಒರೆಸುತ್ತ, ನಾವೇ ತಪ್ಪನ್ನು ಕಾಣುವವರೆಗೆ ಸುಮ್ಮನೆ ನಿಲ್ಲುತ್ತಿದ್ದರು.

ಹತ್ತನೆಯದು ಮುಗಿಸಿ ನಾನು ವಿಜಯಪುರದಲ್ಲಿ ಪಿಯುಸಿ ವಿಜ್ಞಾನಕ್ಕೆ ಸೇರಿದೆ. ಪಾಠವೆಲ್ಲ ಇಂಗ್ಲಿಷಿನಲ್ಲಿ. ಮೂರು ವಾರ ಏನೂ ತಿಳಿಯದೆ ಕೂತೆ. ಒಂದು ಪ್ರಶ್ನೆಗೆ ಕನ್ನಡದಲ್ಲಿ ಉತ್ತರಿಸಿದಾಗ ಇಡೀ ತರಗತಿ ನಕ್ಕಿತು. ಮರುದಿನವೇ ಹಾಸ್ಟೆಲ್ಲಿನಿಂದ ಹಾಸಿಗೆ ಸುತ್ತಿಕೊಂಡು ಊರಿನ ಬಸ್ಸು ಹತ್ತಿದೆ.

ಟಿಕೋಟಾದಲ್ಲಿ ನಮ್ಮ ಬಸ್ಸಿನ ಪಕ್ಕಕ್ಕೆ ಕನಮಡಿಯಿಂದ ಬಂದ ಬಸ್ಸು ನಿಂತಿತು. ಶಾಲೆ ಮುಗಿಸಿ ಮರಳುತ್ತಿದ್ದ ಅಕ್ಕೋರು ಕಿಟಕಿಯಲ್ಲಿ ನನ್ನನ್ನು ಕಂಡು ಇಳಿದೇ ಬಂದರು.

"ಎಲ್ಲಿಗೆ ಬೇ, ಗಂಟು ಕಟ್ಕೊಂಡು?"

"ನನಗ ಆಗೂದಿಲ್ರಿ ಅಕ್ಕೋರ. ಅವರ ಮಾತ ತಿಳಿಯಂಗಿಲ್ಲ."

"ಲೆಕ್ಕ ತಿಳಿತೈತಿಲ್ಲೋ? ಹೆಸರಷ್ಟ ಹೊಸಾವು. ಇಳಿ ಕೆಳಗ."

ಆ ಸಂಜೆಯಿಂದ ಎರಡು ವರ್ಷ ನಾನು ಅವರ ಮನೆಯಲ್ಲಿದ್ದೆ. ಅವರ ಮಗಳು ಶಬಾನಾ ಪಾಠವನ್ನು ಇಂಗ್ಲಿಷಿನಲ್ಲಿ ಓದುವಳು, ಅಕ್ಕೋರು ಅಡುಗೆಮನೆಯಿಂದಲೇ ಕನ್ನಡದಲ್ಲಿ ಬಿಡಿಸಿ ಹೇಳುವರು. ನಾನು ಪಾಸಾದೆ.

ಈಗ ಬಬಲೇಶ್ವರದ ಹತ್ತಿರದ ಹಳ್ಳಿಯ ಕನ್ನಡ ಶಾಲೆಯಲ್ಲಿ ಗಣಿತ ಕಲಿಸುತ್ತೇನೆ; ಮನೆ ಮಾತ್ರ ವಿಜಯಪುರದಲ್ಲಿ. ಹೋದ ವರ್ಷ ಅಕ್ಕೋರಿಗೆ ಆರಾಮಿಲ್ಲವೆಂದು ತಿಳಿದು ನೋಡಲು ಹೋದೆ. ಚಹಾ ಕುಡಿಸಿ ಕೇಳಿದರು:

"ಮಗಳನ್ನ ಯಾವ ಸಾಲಿಗೆ ಹಾಕೀದಿ?"

"ಇಲ್ಲೇರಿ, ಸಿದ್ಧೇಶ್ವರ ಗುಡಿ ಹತ್ರ. ಇಂಗ್ಲಿಷ್ ಸಾಲಿ," ಎಂದು ತಲೆ ತಗ್ಗಿಸಿದೆ.

ಅವರು ನನ್ನ ಕೈ ಹಿಡಿದುಕೊಂಡರು. "ನಾನೂ ಹಂಗ ಮಾಡಿದ್ನೆವ್ವಾ. ನಾ ಕಲಿಸೋ ಸಾಲಿಗೆ ಶಬಾನಾನ್ನ ಕಳಸ್ಲಿಲ್ಲ. ನಿಮ್ಮ ಮುಂದ ನಿಂತಾಗೊಮ್ಮೆ ಅದು ಚುಚ್ಚತಿತ್ತು. ಯಾರಿಗೂ ಹೇಳಿಲ್ಲ ನೋಡು."

ಮಳೆಗಾಲಕ್ಕೆ ಮುಂಚೆಯೇ ಅವರು ತೀರಿಕೊಂಡರು. ಮಗಳು ಇನ್ನೂ ಅದೇ ಶಾಲೆಗೆ ಹೋಗುತ್ತಾಳೆ. ಬೆಳಿಗ್ಗೆ ಅವಳನ್ನು ಗೇಟಿನಲ್ಲಿ ಬಿಟ್ಟು ನಾನು ಬಬಲೇಶ್ವರದ ಬಸ್ಸು ಹಿಡಿಯುತ್ತೇನೆ. ಆಗ ಮನಸ್ಸಿನಲ್ಲಿ ಏಳುವುದನ್ನು ಹೇಳಿಕೊಳ್ಳಲು ನನಗಿದ್ದವರು ಅವರೊಬ್ಬರೇ.