ಹುಚ್ಚೆಳ್ಳು ಹಿಂಡಿಯ ಯೆಶಿಮೆಬೆಟ್

ಅದಾಮಾ ಊರಿನ ಗಾಣದ ಬೀದಿಯಲ್ಲಿ ಇನ್ನೂ ಬೆಳಕು ಹರಿದಿಲ್ಲ. ಯೆಶಿಮೆಬೆಟ್ ರಾತ್ರಿ ನೆನೆಹಾಕಿದ ಹುಚ್ಚೆಳ್ಳು ಹಿಂಡಿಯನ್ನು ಕೈಯಲ್ಲೇ ಕಿವುಚಿ ಗೋಧಿ ಬೂಸಾ ಬೆರೆಸುತ್ತಿದ್ದಾರೆ. ಗೋದಲಿಯ ಆಚೆಯಿಂದ ಬೂರೆ ಎಂಬ ಕಂದು ಮಚ್ಚೆಯ ಎತ್ತು ಮೂತಿ ಚಾಚಿದೆ. ಮೊದಲ ಉಂಡೆಯನ್ನು ಅವರು ಗೋದಲಿಗೆ ಹಾಕುವುದಿಲ್ಲ, ನೇರ ಬಾಯಿಗೇ ಇಡುತ್ತಾರೆ. "ತಿನ್ನೋ ರಾಜ. ಉಪವಾಸ ನಮಗೆ, ನಿನಗಲ್ಲ."

ಇಡೀ ಬೀದಿ ಹಬ್ಬದ ಮುಂಚಿನ ದೀರ್ಘ ಉಪವಾಸದಲ್ಲಿದೆ. ಮಾಂಸ, ಹಾಲು, ಬೆಣ್ಣೆ ಯಾವುದನ್ನೂ ಮುಟ್ಟುವಂತಿಲ್ಲ. ಎಲ್ಲರ ಒಲೆಯ ಮೇಲೂ ಎಣ್ಣೆಯ ಅಡುಗೆ, ಹಾಗಾಗಿ ಗಾಣಗಳಿಗೆ ಬಿಡುವಿಲ್ಲ, ಹಿಂಡಿಗೆ ಬರವಿಲ್ಲ. ಫಾಸಿಕಾ, ಅಂದರೆ ಈಸ್ಟರ್ ಹಬ್ಬದ ಬೆಳಗ್ಗೆ ಹನ್ನೆರಡು ಮನೆಯವರು ಕೂಡಿ ಒಂದು ಎತ್ತು ಕಡಿದು ಸಮಪಾಲು ಮಾಡಿಕೊಳ್ಳುತ್ತಾರೆ. ಆ ಎತ್ತನ್ನು ಕೊಬ್ಬಿಸಿ ಕೊಡುವವರು ಯೆಶಿಮೆಬೆಟ್. ಲಾರಿ ಓಡಿಸುತ್ತಿದ್ದ ಗಂಡ ತೀರಿಕೊಂಡ ಮೇಲೆ ಗಾಣದ ಕಸ ಗುಡಿಸಿ, ಕೂಲಿಯ ಬದಲು ಹಿಂಡಿ ಹೊತ್ತು ತಂದು ಶುರುಮಾಡಿದ ಕೆಲಸ ಇದು. ಒಂಬತ್ತು ವರ್ಷವಾಯಿತು. ತಿನ್ನುವವರು ಕಟುಕನ ಚಾಕುವನ್ನು ಹೊಗಳುತ್ತಾರೆ, ಖಾರ ಕುಟ್ಟಿದವಳನ್ನು ಹೊಗಳುತ್ತಾರೆ. ಎತ್ತಿಗೆ ಉಣಿಸಿದವರ ನೆನಪು ಯಾರಿಗೂ ಆಗುವುದಿಲ್ಲ. ಅವರ ಬಗ್ಗೆ ಬರೆಯಲು ಬಂದ ನನಗಂತೂ ಇದು ಸಿಟ್ಟು ತರಿಸುತ್ತದೆ.

ಹೋದ ವರ್ಷ ಮಾತ್ರ ಎಲ್ಲರಿಗೂ ಅವರ ನೆನಪಾಯಿತು, ಬಯ್ಯುವುದಕ್ಕೆ.

"ಅಗಸೆ ಮಾಡಿದ ಎಡವಟ್ಟು ಅದು," ಎನ್ನುತ್ತಾರೆ ಯೆಶಿಮೆಬೆಟ್, ಕೊಬ್ಬು ಎಷ್ಟು ಕೂಡಿದೆ ಎಂದು ಬೂರೆಯ ಬಾಲದ ಬುಡ ಒತ್ತಿ ನೋಡುತ್ತಾ. ಉಪವಾಸದಲ್ಲಿ ಮನೆಮನೆಯಲ್ಲೂ ಅಗಸೆಬೀಜ ಅರೆದ ಪಾನಕ ಕುಡಿಯುತ್ತಾರೆ. ನಮಗೆ ಒಳ್ಳೆಯದಾದರೆ ಎತ್ತಿಗೂ ಒಳ್ಳೆಯದೇ ಎಂದುಕೊಂಡು ಇವರು ಕೊನೆಯ ದಿನದವರೆಗೂ ಬೊಗಸೆ ಬೊಗಸೆ ಸುರಿದರು. "ಮೈ ಹೆಂಗ್ ಮಿಂಚ್ತಿತ್ತು ಗೊತ್ತಾ? ಮುಖ ನೋಡ್ಕೋಬೋದಿತ್ತು. ನಾವೆಲ್ಲ ಉಪವಾಸ, ಅಗಸೆ ತಿಂದ ಎತ್ತಿನ ಮಾಂಸ ರುಚಿ ನೋಡಿ ಹೇಳೋರು ಯಾರು?"

ಕಡಿದಾಗ ಗೊತ್ತಾಯಿತು. ಕೊಬ್ಬು ಗಟ್ಟಿಯಾಗಿ ನಿಲ್ಲದೆ ಬೆರಳಿಗೆ ಮೆತ್ತಿಕೊಂಡಿತು, ಬಿಸಿಲೇರುವಷ್ಟರಲ್ಲಿ ಹಳೇ ಎಣ್ಣೆಯ ಕಮಟು. ಇಲ್ಲಿ ಹಬ್ಬದ ಮಾಂಸವನ್ನು ಹಸಿಯಾಗಿಯೇ ಖಾರಕ್ಕೆ ಅದ್ದಿ ತಿನ್ನುವುದು. ಮಸಾಲೆಯಲ್ಲಿ ಬೇಯಿಸಿ ತಪ್ಪು ಮುಚ್ಚಿಹಾಕುವ ಹಾಗಿಲ್ಲ. ಜನ ಕೊಬ್ಬನ್ನೆಲ್ಲ ತಟ್ಟೆಯಂಚಿಗೆ ಸರಿಸಿದರು. ಬೀದಿ ನಾಯಿ ಹೊಟ್ಟೆ ಬಿರಿಯ ತಿಂದು ಮೂರು ದಿನ ಗೇಟಿನಿಂದ ಏಳಲಿಲ್ಲ. ಇನ್ನೊಮ್ಮೆ ಹೀಗಾದರೆ ಕೊಬ್ಬಿದ ಎತ್ತಿಗೆ ಹೆಸರಾದ ಹರಾರ್ ಕಡೆಯಿಂದ ಎತ್ತು ತರಿಸುತ್ತೇವೆ ಎಂದು ಹನ್ನೆರಡು ಮನೆಯವರೂ ಹೇಳಿಬಿಟ್ಟರು.

"ತಿಂದ ಎಣ್ಣೆ ಎಲ್ಲಿಗೆ ಹೋಗುತ್ತೆ ತಂಗೀ? ಅದರ ಕೊಬ್ಬಿಗೇ ಇಳಿಯುತ್ತೆ," ಎಂದು ತಿಳಿಸಿಕೊಟ್ಟವರು ಕಟುಕ ದೆಜೆನೆ. ಹಾಗಾಗಿ ಈ ಸಲ ಮಳೆಗಾಲ ಮುಗಿಯುತ್ತಲೇ ಅಗಸೆ ಬಂದ್. ಹಿಂಡಿಯೂ ಹಿಡಿತದಲ್ಲೇ. "ಜಿಡ್ಡು ಹೆಚ್ಚಾದ್ರೆ ಹುಲ್ಲು ಅರಗಲ್ಲ, ಮೆಲುಕೂ ಹಾಕಲ್ಲ. ಅದನ್ನೂ ಒಂದ್ಸಲ ಮಾಡಿ ಕಲಿತೆ ಅನ್ನಿ," ಎಂದು ನಗುತ್ತಾರೆ.

ಕಷ್ಟವೆಂದರೆ ಬೂರೆಯ ಮೈ ಈಗ ಮಿಂಚುವುದಿಲ್ಲ. ಊರು ಎತ್ತನ್ನು ಅಳೆಯುವುದು ಹೊಳಪಿನಿಂದಲೇ. ಪಕ್ಕದ ಮನೆಯ ಅಸ್ಕಾಲೆ ಬೇಲಿಯ ಮೇಲಿಂದ ಇಣುಕುತ್ತಾರೆ. "ಏನೇ ಯೆಶಿ, ನಿನ್ನೆತ್ತೂ ಉಪವಾಸ ಹಿಡಿದಿದ್ಯಾ?"

"ಹೂಂ ಅಕ್ಕ, ನಿಮಗಿಂತ ನಿಯತ್ತಿಂದ. ನಿಮ್ಮ ಹಾಗೆ ಅಡುಗೆಮನೇಲಿ ಕದ್ದು ಬೆಣ್ಣೆ ನೆಕ್ಕಲ್ಲ ಅದು."

ಅಸ್ಕಾಲೆ ಹೋದ ಮೇಲೆ ಯೆಶಿಮೆಬೆಟ್‌ರ ನಗು ಇಳಿಯುತ್ತದೆ. ಮೂಲೆಯಲ್ಲಿ ಅಗಸೆ ಚೀಲ ಇನ್ನೂ ಇದೆ. "ದಿನಾ ಎರಡು ಬೊಗಸೆ ಹಾಕಿದ್ರೆ ಎಲ್ಲರ ಬಾಯೂ ಮುಚ್ಚುತ್ತೆ. ಹಬ್ಬದ ದಿನ ಮೂಗೂ ಮುಚ್ಕೋತಾರೆ." ಚೀಲದ ಬಾಯಿಯನ್ನು ಇನ್ನೊಂದು ಗಂಟು ಹಾಕಿ ಬಿಗಿಯುತ್ತಾರೆ. ಈ ಕೆಲಸ ಕೈತಪ್ಪಿದರೆ ಮತ್ತೆ ಗಾಣದ ಪೊರಕೆಯೇ ಗತಿ. ನಿಮ್ಮ ಆಸೆ ಏನು ಎಂದು ಕೇಳುತ್ತೇನೆ. "ಹೊಗಳೋದೇನೂ ಬೇಡ. ತಟ್ಟೇಲಿ ಕೊಬ್ಬು ಬಿಡಬಾರದು, ಅಷ್ಟೇ."

ಫಾಸಿಕಾ ಬೆಳಗ್ಗೆ ನಾನೂ ಅಂಗಳದಲ್ಲಿದ್ದೇನೆ. ಬೂರೆಯನ್ನು ಕರೆದೊಯ್ಯುವಾಗ ಯೆಶಿಮೆಬೆಟ್ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾರೆ. ಪ್ರತಿ ವರ್ಷವೂ ಹಾಗೇ ಅಂತೆ. ಹೊರಬಂದಾಗ ಕಣ್ಣು ಕೆಂಪಾಗಿದೆ. ದೆಜೆನೆ ಬೆನ್ನ ಮೇಲಿನ ಹಿಣಿಲು ಸೀಳಿ ಕೊಬ್ಬನ್ನು ಒತ್ತಿ ನೋಡುತ್ತಾರೆ. ಬೆಳ್ಳಗೆ, ಗಟ್ಟಿಯಾಗಿದೆ. ಪಾಲು ಹಾಕುವ ಮೊದಲು ಎಲ್ಲರೂ ಅಂಗಳದಲ್ಲೇ ಒಂದೊಂದು ತುಂಡು ತಿನ್ನುವುದು ರೂಢಿ. ಅಸ್ಕಾಲೆ ತುಂಡನ್ನು ಮೂಸಿ, ಖಾರಕ್ಕೆ ಅದ್ದಿ, ನಿಧಾನ ಅಗಿಯುತ್ತಾರೆ. ಬಿಸಿಲೇರುತ್ತದೆ. ಕಮಟು ಇಲ್ಲ. ಅವರು ಎರಡನೆಯ ತುಂಡಿಗೆ ಕೈ ಹಾಕುತ್ತಾರೆ, ಅದನ್ನು ತಾವು ತಿನ್ನದೆ ಯೆಶಿಮೆಬೆಟ್‌ರ ಬಾಯಿಗೆ ತುರುಕುತ್ತಾರೆ. ಹಿಂದೆಯೇ ಇನ್ನೊಂದು. "ಒಂದೇ ತುತ್ತು ಕೊಟ್ರೆ ಜಗಳ ಬರುತ್ತಂತೆ, ಬಾಯಿ ತೆಗಿಯೇ."

ಜನ ಪಾಲು ಹೊತ್ತು ಮನೆಗೆ ಹೊರಡುತ್ತಾರೆ. ತಟ್ಟೆಗಳನ್ನು ಯೆಶಿಮೆಬೆಟ್ ತಾವೇ ಒಂದೊಂದಾಗಿ ಎತ್ತುತ್ತಾರೆ, ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡುತ್ತಾರೆ. ಹೋದ ವರ್ಷದ ಆಸೆಯಲ್ಲಿ ಅದೇ ಬೀದಿ ನಾಯಿ ಬೆಳಗ್ಗೆಯಿಂದ ಗೇಟಿನ ಬಳಿ ಬಾಲ ಅಲ್ಲಾಡಿಸುತ್ತಾ ಕೂತಿದೆ.

ಅವರು ಬರಿದಾದ ತಟ್ಟೆಯನ್ನು ಅದಕ್ಕೆ ತೋರಿಸಿ ಹೇಳುತ್ತಾರೆ: "ಹೋಗೋ ಪಾಪ, ಈ ವರ್ಷ ನಿನಗೇನೂ ಇಲ್ಲ."