ನಂಬಿಕೆ ಇಲ್ವಾ ಅಣ್ಣಾ?

ತೊಂಬತ್ತರ ದಶಕದಲ್ಲಿ ನಾನು ದೊಡ್ಡಬಳ್ಳಾಪುರದ ಒಂದು ಬ್ಯಾಂಕಿನಲ್ಲಿದ್ದೆ. ಒಂದು ದಿನ ನೇಕಾರ ರಾಮಣ್ಣ ಬಂದು, ಹೊಸ ಮಗ್ಗಕ್ಕೆಂದು ಕೂಡಿಟ್ಟ ಡಿಪಾಜಿಟ್ಟನ್ನು ಮುರಿಸಬೇಕೆಂದರು. ಯಾರೋ ಹೊರಗಿನವನು ಸೀರೆ ಅಂಚಿನ ಬೆಳ್ಳಿ ಜರಿಯನ್ನು ಅರ್ಧ ಬೆಲೆಗೆ ಕೊಡುತ್ತಾನಂತೆ, ಒಂದು ಪೆಟ್ಟಿಗೆ ತುಂಬ.

“ಜರಿ ಅಸಲೀನಾ?” ಎಂದೆ.

“ನಾನು ಹುಟ್ಟಿದ್ದೇ ಮಗ್ಗದ ಮನೇಲಿ ಸಾರ್! ಒಂದು ರೀಲು ಕೆರೆದು ನೋಡಿದೀನಿ, ಅಪ್ಪಟ ಬೆಳ್ಳಿ.”

“ಆ ರೀಲು ಆರಿಸಿದ್ದು ಯಾರು?”

ರಾಮಣ್ಣ ತಲೆ ಕೆರೆದುಕೊಂಡರು. “ಅವನೇ ಕೈಗೆ ಕೊಟ್ಟ.”

ಆಸಾಮಿ ಬ್ಯಾಂಕಿನ ಮೆಟ್ಟಿಲ ಮೇಲೇ ಪೆಟ್ಟಿಗೆ ಇಟ್ಟುಕೊಂಡು ಕೂತಿದ್ದ. ಇಬ್ಬರೂ ಹೋದೆವು. ರಾಮಣ್ಣ ಪೆಟ್ಟಿಗೆಗೆ ಕೈ ಹಾಕುವಷ್ಟರಲ್ಲಿ ಅವನು ಮುಖ ಸಣ್ಣದು ಮಾಡಿಕೊಂಡು, “ನಂಬಿಕೆ ಇಲ್ವಾ ಅಣ್ಣಾ? ನಿಮ್ಮನೇಲಿ ಊಟ ಮಾಡಿದೋನು ನಾನು” ಎಂದ. ರಾಮಣ್ಣನ ಕೈ ಬಿಸಿ ತಾಗಿದ ಹಾಗೆ ಹಿಂದಕ್ಕೆ ಬಂತು!

ನನಗೆಲ್ಲಿಯ ದಾಕ್ಷಿಣ್ಯ? ತಳದಿಂದ ಒಂದು ರೀಲು ಎಳೆದು ರಾಮಣ್ಣನಿಗೆ ಕೊಟ್ಟೆ. ಉಗುರಿನಲ್ಲಿ ಕೆರೆದರೆ ಒಳಗೆಲ್ಲ ಕೆಂಪು ತಾಮ್ರ. ತಲೆಯೆತ್ತಿ ನೋಡುವುದರೊಳಗೆ ಆಸಾಮಿ ಪೆಟ್ಟಿಗೆ ಬಿಟ್ಟು ಓಡಿದ್ದ.

“ಡಿಪಾಜಿಟ್ಟು ಹಾಗೇ ಇರ್ಲಿ ಸಾರ್,” ಎಂದರು ರಾಮಣ್ಣ. “ಆದ್ರೂ ಪಾಪ, ನಮ್ಮನೇಲಿ ಊಟಕ್ಕೆ ಕೂತಾಗ ಸಾರು ಎಷ್ಟು ಚೆನ್ನಾಗಿದೆ ಅಂತ ಎರಡನೇ ಸಲ ಬಡಿಸ್ಕೊಂಡಿದ್ದ!”

ಜನರನ್ನು ಮುಳುಗಿಸುವುದು ಆಸೆಗಿಂತ ದಾಕ್ಷಿಣ್ಯವೇ ಎಂದು ನನಗೆ ಅವತ್ತೇ ಖಾತ್ರಿಯಾಯಿತು. ಈಗ ನಿವೃತ್ತನಾಗಿ ಮನೆಯಲ್ಲಿದ್ದೇನೆ. ಫೋನಿನಲ್ಲಿ ಯಾರಾದರೂ ಓಟಿಪಿ ಕೇಳಿ, “ನಂಬಿಕೆ ಇಲ್ವಾ ಸಾರ್?” ಎಂದರೆ ನನಗೆ ಖುಷಿಯೋ ಖುಷಿ. “ಇಲ್ಲ ಕಣಪ್ಪಾ, ಮೊದ್ಲು ಮನೆಗೆ ಊಟಕ್ಕೆ ಬಾ, ಆಮೇಲೆ ನೋಡೋಣ” ಅನ್ನುತ್ತೇನೆ.

ಇದುವರೆಗೂ ಒಬ್ಬನೂ ಬಂದಿಲ್ಲ.